ಬೂಷ್ಟಿಗೆ ಎಷ್ಟು

ಫಳ್ನೀರಿನಲ್ಲಿ, ಸೋಡಾ ಅಂಗಡಿಯ ಮೇಲೆ
ಒಂದು ಕುರ್ಚಿ, ಒಂದು ಪರದೆ, ಒಂದು ಮೌಸು.
ನನ್ನ ಕಸುಬು, ಹೇಳಿದರೆ ನಗಬೇಡಿ:
ಹೊಸ ಫೋಟೊಗಳನ್ನು ಹಳತು ಮಾಡುವುದು.

ನಿನ್ನೆ ಸಂಜೆ ತೆಗೆದದ್ದು ಬೆಳಿಗ್ಗೆ ಬರುತ್ತದೆ,
ರೆಪ್ಪೆಕೂದಲು ಎಣಿಸಬಹುದಾದಷ್ಟು ನಿಚ್ಚಳ.
ಕಪ್ಪನ್ನು ಸ್ವಲ್ಪ ಮೇಲೆತ್ತುತ್ತೇನೆ, ಬೂದಿಯಾಗಲಿ.
ನೆರಳಿಗೆ ತುಸು ಹಸಿರು, ಬೆಳಕಿಗೆ ಚಹಾದ ಕಲೆ.
ಅಂಚಿನಲ್ಲಿ ಕಿತ್ತಳೆ ಬೆಳಕು ಸೋರಬೇಕು,
ಕ್ಯಾಮರಾದ ಬಾಗಿಲನ್ನು ಯಾರೋ ಅವಸರದಲ್ಲಿ ತೆರೆದ ಹಾಗೆ.
ತೆರೆದವರು ಯಾರೂ ಇಲ್ಲ. ರೀಲೂ ಇಲ್ಲ.
ಆಮೇಲೆ ರವೆ ಉದುರಿಸಿದಂತೆ ಕಾಳು ಕಾಳು,
ಎರಡು ಗೀರು, ಒಂದು ಕೂದಲು,
ಮೂಲೆಯಲ್ಲಿ ಜೇಡನ ಕಾಲಿನಂಥ ಬೂಷ್ಟು.
ಬೂಷ್ಟು ಬೇಕಾದರೆ ನೂರೈವತ್ತು ಹೆಚ್ಚು.

ಈ ಬೂಷ್ಟಿನ ಜೊತೆ ಜಗಳವಾಡುತ್ತಲೇ ಮುದುಕರಾದವರು
ದೂಮಪ್ಪಣ್ಣ, ನನಗೆ ಕೆಲಸ ಕಲಿಸಿದವರು.
ಕಾರ್‌ಸ್ಟ್ರೀಟಿನ ಅವರ ಕತ್ತಲೆ ಕೋಣೆಯಲ್ಲಿ
ಜೂನ್ ಬಂತೆಂದರೆ ಗೋಡೆಯೂ ಬೆವರುತ್ತಿತ್ತು.
ಲೆನ್ಸುಗಳನ್ನು ಅಕ್ಕಿಯ ಡಬ್ಬಿಯಲ್ಲಿ ಮಲಗಿಸಿಡುತ್ತಿದ್ದರು.
ಅವರ ಹೆಂಡತಿ ಒಮ್ಮೆ ಕುಚ್ಚಲಕ್ಕಿ ಅಳೆಯಲು ಹೋಗಿ
ಗಾಜಿಗೆ ಕುಡ್ತೆ ತಾಗಿಸಿದರು.
ನಾಲ್ಕು ವರ್ಷ ಊರಿನ ಮದುಮಕ್ಕಳೆಲ್ಲ
ಆ ಗೀರಿನೊಳಗಿಂದಲೇ ನಕ್ಕರು.

ನೆಗೆಟಿವಿನ ಮೇಲೆ ಧೂಳು ಕೂತರೆ
ಮೂರೇ ಕೂದಲಿನ ಬ್ರಶ್ಶಿನಿಂದ, ಉಸಿರು ಹಿಡಿದು,
ಚುಕ್ಕೆ ಚುಕ್ಕೆ ಅಳಿಸುತ್ತಿದ್ದರು.
ಅವೇ ಚುಕ್ಕೆಗಳು ಈಗ ನನ್ನ ಫೋಲ್ಡರಿನಲ್ಲಿ:
ಧೂಳು ಒಂದು, ಧೂಳು ಎರಡು, ಧೂಳು ಹದಿನೇಳು.
ನೋಡಿದ್ದರೆ ಎಂತ ಹೇಳುತ್ತಿದ್ದರೋ.
ಎಂತದೂ ಇಲ್ಲ. ಒಂದು ಬೀಡಿ ಹಚ್ಚುತ್ತಿದ್ದರು.

ಹೋದ ವಾರ ಬಂದವಳು ಲವಿಟಾ ಕರ್ಕೇರ.
ಹೆಸರಿನಲ್ಲೇ ಕಥೆ ಉಂಟು:
ಅಪ್ಪ ಬೋಳಾರದ ವಾಮನ, ಅಮ್ಮ ಸೆವ್ರಿನ್,
ರಿಜಿಸ್ಟ್ರಾರ್ ಕಚೇರಿಯ ಮದುವೆ, ತೊಂಬತ್ತೊಂದು.
ಮೂರು ಸಾಕ್ಷಿ, ಐದು ರುಜು, ಫೋಟೊ ಒಂದೂ ಇಲ್ಲ.
ಮೊಬೈಲು ಚಾಚಿದಳು. ಪಣಂಬೂರಿನ ದಂಡೆ,
ಆತನ ಹೊಸ ಹಲ್ಲಿನ ಸೆಟ್ಟು, ಆಕೆಯ ಮಂಡಿಗೆ ಪಟ್ಟಿ,
ಹಿಂದೆ ಗಾಳಿಗೆ ಹಾರಿದ ಯಾರದೋ ಚುರುಮುರಿ ಕಾಗದ.
"ಇದನ್ನು ತೊಂಬತ್ತೊಂದು ಮಾಡಿ ಕೊಡಿ."

ಮಾಡಿದೆ. ರಾತ್ರಿ ಹನ್ನೊಂದರವರೆಗೆ.
ಸಮುದ್ರ ಹಿಂದೆ ಹೋಯಿತು, ಮರಳು ಹಿಂದೆ ಹೋಯಿತು,
ಚುರುಮುರಿ ಕಾಗದಕ್ಕೂ ಮೂವತ್ತು ದಾಟಿತು.
ಮುಖಗಳು ಮಾತ್ರ ನಿಂತಲ್ಲೇ ನಿಂತವು.
ಕಾಳು ಹೋಗಿ ಸುಕ್ಕಿನೊಳಗೆ ಕೂತು
ಇಬ್ಬರೂ ಇನ್ನಷ್ಟು ಮುದುಕರಾದರು.
ಮೂಲೆಯಲ್ಲಿ ಕಿತ್ತಳೆ ಅಂಕೆಯ ತಾರೀಕು ಹೊಡೆದೆ.
ಆ ಚಿತ್ರದಲ್ಲಿ ಹರೆಯವೆಂದರೆ ಅದೊಂದೇ.

ಶನಿವಾರ ಸೆವ್ರಿನ್ ಬಾಯಿಯೇ ಬಂದರು,
ಮೆಟ್ಟಿಲಿಗೊಂದು ಜೆಜೂ ಎನ್ನುತ್ತ.
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ:
"ಎಂತ ಮಾರಾಯ್ರೆ, ಅವತ್ತು ಇಷ್ಟು ಹಳದಿ ಇರಲಿಲ್ಲ.
ಕಣ್ಣಿಗೆ ಚುಚ್ಚುವ ಬಿಸಿಲು.
ನನ್ನದು ಗಿಳಿಹಸಿರು ಸೀರೆ, ತಂಗಿಯದ್ದು, ಕದ್ದದ್ದು.
ಇವರ ಅಂಗಿಯ ಇಸ್ತ್ರಿ ಗೆರೆ
ರಸ್ತೆಯ ಆಚೆಯಿಂದ ಕಾಣುತ್ತಿತ್ತು.
ಕಚೇರಿ ಗೋಡೆಗೆ ಆಗಷ್ಟೇ ನೀಲಿ ಬಳಿದಿದ್ದರು,
ಒರಗಿದ್ದಕ್ಕೆ ನನ್ನ ಮೊಣಕೈಗೂ ಬಂತು.
ಎರಡು ದಿನ ಹೋಗಲಿಲ್ಲ. ಉಜ್ಜಲೂ ಇಲ್ಲ ನಾನು.
ಹಳತು ಯಾವುದಿತ್ತು ಅಲ್ಲಿ?"

ಬೂಷ್ಟು ತೆಗೆದೆ. ಗೀರು ತೆಗೆದೆ.
ಕೂದಲು, ಚಹಾದ ಕಲೆ, ಸೋರಿದ ಬೆಳಕು
ಒಂದೊಂದಾಗಿ ಹಿಂದಕ್ಕೆ. ದೂಮಪ್ಪಣ್ಣನ ಕೆಲಸ,
ಬ್ರಶ್ಶಿಲ್ಲದೆ. ಉಸಿರು ಮಾತ್ರ ಹಾಗೆಯೇ ಹಿಡಿದಿದ್ದೆ.
ತಾರೀಕು ಅಳಿಸಲು ಹೋದಾಗ ಕೈ ತಡೆದರು:
"ಅದು ಇರಲಿ. ಅದು ಸರಿ ಉಂಟು."

ಬಿಲ್ಲು ಬರೆಯುವಾಗ ತೊಡಕು.
ಹಾಕಿದ್ದಕ್ಕೆ ದರ ಉಂಟು, ತೆಗೆದದ್ದಕ್ಕೆ ಇಲ್ಲ.
ಆಕೆ ನೂರೈವತ್ತು ಎಣಿಸಿ ಮೇಜಿನ ಮೇಲಿಟ್ಟು
"ಬೂಷ್ಟಿನದ್ದು" ಎಂದು ಇಳಿದು ಹೋದರು.
ಕೆಳಗೆ ಗೋಲಿಸೋಡಾ ಎರಡು ಸಲ ಕೀಚಿತು.